ನಾಲ್ಕನೆಯ ಪರದೆ ತಡ

ಮತ್ತೆ ಮಾಯವಾದಳು, ಮೂರನೆಯ ವಿಡಿಯೋ ಪರದೆಯ ಅಂಚಿಗೆ ಬಂದು ಬಲಗಾಲು ಎತ್ತಿದವಳು ನಾಲ್ಕನೆಯದರಲ್ಲಿ ಊರಬೇಕಿತ್ತು, ಊರಲಿಲ್ಲ, ನಡುವೆ ಎಲ್ಲೋ ಹೋಗಿಬಿಟ್ಟಳು, ಅರ್ಧ ಸೆಕೆಂಡಿನ ಹೊತ್ತು ಆ ಉದ್ದನೆಯ ಶೆಡ್ಡಿನಲ್ಲಿ ನನ್ನ ಗೆಳೆಯ ನಜೀರನ ಅಮ್ಮ ಶರ್ಫುನ್ನೀಸಾ ಎಲ್ಲೂ ಇಲ್ಲ, ಸೊಂಟದ ಮೇಲಿನ ರೇಷ್ಮೆಗೂಡಿನ ಬುಟ್ಟಿಯೂ ಇಲ್ಲ, ಬರೀ ರಾಟೆಗಳು ತಿರುಗುತ್ತಿವೆ, ಬಿಸಿನೀರಿನ ತೊಟ್ಟಿಯಿಂದ ಹಬೆ ಏಳುತ್ತಿದೆ, ಆಮೇಲೆ ನಾಲ್ಕನೆಯ ಪರದೆಗೆ ಬಂದಳು, ಬಂದು ಅದನ್ನು ದಾಟುವಷ್ಟರಲ್ಲಿ ಇನ್ನೊಂದು ಚೇಷ್ಟೆ, ಐದನೆಯದರಲ್ಲಿ ಆಗಲೇ ಇನ್ನೊಬ್ಬ ಶರ್ಫುನ್ನೀಸಾ ನಡೆದು ಹೋಗುತ್ತಿದ್ದಾಳೆ, ಹಿಂದೊಬ್ಬಳು ಮುಂದೊಬ್ಬಳು, ಅದೇ ಸೀರೆ ಅದೇ ಬುಟ್ಟಿ — ಒಂದು ಕಡೆ ಯಾರೂ ಇಲ್ಲ, ಇನ್ನೊಂದು ಕಡೆ ಇಬ್ಬರು. ಮೂರು ದಿನದಿಂದ ಇದನ್ನೇ ನೋಡುತ್ತಿದ್ದೇನೆ, ಎಂಟು ನಿಮಿಷಕ್ಕೊಂದು ಸಲ, ಗಂಟೆಗೆ ಏಳೆಂಟು ಸಲ, ಕಣ್ಣಿನೊಳಗೆ ಮರಳು ಹಾಕಿದ ಹಾಗಿದೆ, ಕುರ್ಚಿಯಿಂದ ಎದ್ದರೆ ಸೊಂಟ ಬೇರೆ ನಾನು ಬೇರೆ, ಕೆಳಗೆ ರಸ್ತೆಯಲ್ಲಿ ಗೂಡಿನ ಮಾರ್ಕೆಟ್ಟಿನ ಕಡೆ ಹೋಗುವ ಆಟೋಗಳ ಹಾರ್ನು, ರಾಮನಗರದ ಬೆಳಗಿನ ಹತ್ತೂವರೆ, ನಾಲ್ಕು ಗಂಟೆಗೆ ಉದ್ಘಾಟನೆ, ಮೆಟ್ಟಿಲ ಹತ್ತಿರ ಆಗಲೇ ಯಾರೋ ಚೆಂಡುಹೂವಿನ ಹಾರ ಕಟ್ಟುತ್ತಿದ್ದಾರೆ, ಅದರ ವಾಸನೆ ಇಲ್ಲಿಯವರೆಗೂ ಬರುತ್ತಿದೆ.

ಐದು ಕಂಪ್ಯೂಟರು, ಒಂದೊಂದೂ ಊಟದ ಡಬ್ಬಿಯಷ್ಟು, ಒಂದೊಂದು ಪರದೆಯ ಬೆನ್ನಿಗೆ ಒಂದೊಂದನ್ನು ಅಂಟಿಸಿದ್ದೇನೆ, ಐದರಿಂದಲೂ ಕೇಬಲ್ ಹೊರಟು ಮೂಲೆಯ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಸೇರುತ್ತವೆ, ಮೊದಲನೆಯದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದೇನೆ, ಅದು ಸೆಕೆಂಡಿಗೆ ಹತ್ತು ಸಲ ನಾನೀಗ ಇಂಥ ಕಡೆ ಇದ್ದೇನೆ ಎಂದು ಉಳಿದವಕ್ಕೆ ಕೂಗಿ ಹೇಳುತ್ತದೆ, ಅವು ಕೇಳಿಸಿಕೊಳ್ಳುತ್ತವೆ, ಹಿಂದೆ ಬಿದ್ದಿದ್ದರೆ ಚೂರು ಬೇಗ ಓಡುತ್ತವೆ, ಮುಂದೆ ಹೋಗಿದ್ದರೆ ಚೂರು ತಡೆಯುತ್ತವೆ, ಹೀಗೆ ಐದೂ ಒಂದೇ ಹೆಜ್ಜೆಗೆ ನಡೆಯಬೇಕು, ನನ್ನ ಲ್ಯಾಪ್‌ಟಾಪ್ ನೋಡಿದರೆ ನಡೆಯುತ್ತಲೂ ಇವೆ, ಐದು ಸಾಲು ಅಂಕಿ, ಐದೂ ಒಂದೇ, ಒಂದು ಫ್ರೇಮಿನ ವ್ಯತ್ಯಾಸ ಇಲ್ಲ, ಅಂಕಿ ಸರಿ ಎನ್ನುತ್ತದೆ, ಗೋಡೆಯ ಮೇಲೆ ಹೆಂಗಸು ಮಾಯವಾಗುತ್ತಾಳೆ, ಯಾವುದನ್ನು ನಂಬಲಿ. ಎಂಟು ನಿಮಿಷದ ಈ ಚಿತ್ರದ ಆಟ ಶುರುವಾದಾಗ ಎಲ್ಲ ಸರಿಯಿರುತ್ತದೆ, ಅದೇ ಬೇಜಾರು, ಮೊದಲನೆಯ ನಿಮಿಷದಲ್ಲಿ ಐದು ಪರದೆ ಸೇರಿ ಒಂದೇ ಕಿಟಕಿ ಇದ್ದಂತೆ, ಆಮೇಲೆ ನಾಲ್ಕನೆಯದು ಹಿಂದೆ ಬೀಳಲು ಶುರು, ಏಳನೆಯ ನಿಮಿಷಕ್ಕೆ ಆಯಮ್ಮ ನಡೆದು ಬರುವ ಹೊತ್ತಿಗೆ ಅರ್ಧ ಸೆಕೆಂಡು ತಡ, ಮುಗಿದು ಮತ್ತೆ ಮೊದಲಿನಿಂದ ಶುರುವಾದರೆ ಏನೂ ಆಗೇ ಇಲ್ಲವೆಂಬಂತೆ ಸರಿ. ಮೊನ್ನೆ ಕೇಬಲ್ ಬದಲಾಯಿಸಿದೆ, ಬಿಸಿಯಾಗುತ್ತಿದೆಯೇನೋ ಎಂದು ಪಕ್ಕದಲ್ಲಿ ಫ್ಯಾನ್ ಇಟ್ಟೆ, ನಿನ್ನೆ ಬಿಡದಿಯವರೆಗೂ ಹೋಗಿ ಬೇರೆ ಸ್ವಿಚ್ಚು ತಂದೆ, ಆಮೇಲೆ ನಾಲ್ಕನೆಯ ಕಂಪ್ಯೂಟರನ್ನೇ ಕಿತ್ತು ಹೊಸದು ಹಾಕಿದೆ, ಹೊಸದೂ ತಡ, ಪರದೆ ಬದಲಾಯಿಸಿದೆ, ಅದೂ ತಡ, ಆ ಜಾಗಕ್ಕೇ ಏನೋ ಆಗಿದೆ ಎನ್ನುವ ಹಾಗೆ. ಈ ವಸ್ತುಪ್ರದರ್ಶನ ಮಾಡಿಸುತ್ತಿರುವ ಟ್ರಸ್ಟಿನ ಹುಡುಗಿ ಭಾನುಪ್ರಿಯ, ಕನಕಪುರದವಳು, ಒಳ್ಳೆಯ ಹುಡುಗಿ, ಬೈಯುವುದಿಲ್ಲ, ಬೈದಿದ್ದರೆ ವಾಸಿಯಿತ್ತು, ಬೆಳಿಗ್ಗೆ ಬಂದವಳು ಬಾಗಿಲಲ್ಲೇ ನಿಂತು, ಅನಂತರಾಜು ಸರ್, ಎರಡ್ ಗಂಟೆವರ್ಗೂ ನೋಡನ, ಆಗ್ಲಿಲ್ಲ ಅಂದ್ರೆ ಆ ನಡಿಯೋದನ್ನ ಕಟ್ ಮಾಡ್ಬುಡಿ, ರಾಟೆ ತಿರ್ಗೋದ್ ಮಾತ್ರ ಇರ್ಲಿ, ಬಂದೋರಿಗೆ ಏನ್ ಗೊತ್ತಾಗ್ತದೆ. ಏನೂ ಗೊತ್ತಾಗುವುದಿಲ್ಲ ಮೇಡಂ, ನಿಜ, ನನಗೂ ಸಾಕಾಗಿದೆ, ಆದರೆ ಆ ನಡಿಗೆಗಾಗಿಯೇ ನಜೀರ ಐದು ಕ್ಯಾಮೆರಾ ಸಾಲಾಗಿ ನಿಲ್ಲಿಸಿದ್ದು, ಅವನ ತಲೆಯಲ್ಲಿ ಹುಟ್ಟಿದ್ದೇ ಅದು, ನಮ್ಮಮ್ಮಿ ಶೆಡ್ಡಿನ ಈ ತುದಿಯಿಂದ ಆ ತುದಿಗೆ ನಡೀಬೇಕು ಕಣ್ಲಾ, ಐವತ್ತು ವರ್ಷ ನಡೆದವಳೆ, ಇನ್ನೊಂದ್ಸಲ ನಡೀಲಿ, ನೋಡೋರು ಅವಳ ಜೊತೆ ತಲೆ ತಿರುಗಿಸ್ಕಂಡು ಹೋಗ್ಬೇಕು, ಎಂದಿದ್ದ.

ನಜೀರ ಮತ್ತು ನಾನು ಇಪ್ಪತ್ತಾರು ವರ್ಷ ಒಂದೇ ಅಂಗಡಿ, ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹತ್ತು ಅಡಿ ಅಗಲದ ವಿಡಿಯೋ ಅಂಗಡಿ, ಕ್ಯಾಮೆರಾ ಅವನದು, ಎಡಿಟಿಂಗ್ ನನ್ನದು, ಅವನು ನೋಡುವವನು ನಾನು ಕತ್ತರಿಸುವವನು, ಮಾಗಡಿಯ ಮದುವೆ, ಚನ್ನಪಟ್ಟಣದ ಗೃಹಪ್ರವೇಶ, ನನ್ನ ಸ್ವಂತ ಊರು ತಿಪ್ಪಸಂದ್ರದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆಗೂ ಅವನೇ, ಹೊಲಕ್ಕೆ ಹೋಗಲೊಲ್ಲದ ನನ್ನನ್ನು ಮನೆಯವರೆಲ್ಲ ಬಿಟ್ಟ ಮೇಲೂ ನಜೀರ್ ಬಂದ ಎಂದರೆ ಅವರಿಗೆ ಸಡಗರ. ಕ್ಯಾಸೆಟ್ಟಿನ ಕಾಲದಲ್ಲಿ ಒಂದು ಮದುವೆಗೆ ಐದು ಪ್ರತಿ ಕೇಳುತ್ತಿದ್ದರು, ಬೀಗರಿಗೊಂದು ಸೋದರಮಾವನಿಗೊಂದು, ಐದು ವಿಸಿಆರ್ ಸಾಲಾಗಿ ಜೋಡಿಸಿ ಐದರ ಗುಂಡಿಯನ್ನೂ ಒಂದೇ ಸಲ ಒತ್ತಬೇಕು, ಇಬ್ಬರಿಗೆ ನಾಲ್ಕು ಕೈ, ಐದನೆಯದನ್ನು ನಜೀರ ಮೂಗಿನಿಂದ ಒತ್ತುತ್ತಿದ್ದ, ಬಗ್ಗಿ, ಒಂದು ಎರಡು ಮೂರು ಎಂದು ನಾನು ಹೇಳಿದರೆ ಸಾಕು ಮೂಗು ಕರಾರುವಾಕ್ಕಾಗಿ ಗುಂಡಿಯ ಮೇಲೆ, ನಗು ತಡೆಯಲಾಗದೆ ಎಷ್ಟೋ ಸಲ ನನ್ನದೇ ತಪ್ಪುತ್ತಿತ್ತು, ಅವನದು ತಪ್ಪಿದ್ದೇ ಇಲ್ಲ. ಅವನದು ತಪ್ಪಿದ್ದೇ ಇಲ್ಲ, ಇದನ್ನು ಇಪ್ಪತ್ತಾರು ವರ್ಷ ಮನಸ್ಸಿನಲ್ಲಿ ಹೇಳಿಕೊಂಡು ಹೇಳಿಕೊಂಡು ಅದು ನನಗೆ ಲೆಕ್ಕದ ಮಗ್ಗಿಯಂತೆ ಆಗಿಹೋಗಿತ್ತು, ಅದಕ್ಕೇ ಇರಬೇಕು, ಕೇಬಲ್ಲು ಸ್ವಿಚ್ಚು ಕಂಪ್ಯೂಟರು ಪರದೆ ಎಲ್ಲವನ್ನೂ ಅನುಮಾನಿಸಿದವನಿಗೆ ಒಂದನ್ನು ಮಾತ್ರ ಅನುಮಾನಿಸಬೇಕು ಅನ್ನಿಸಲೇ ಇಲ್ಲ.

ಹನ್ನೆರಡು ದಾಟಿತ್ತು, ಮೆಟ್ಟಿಲ ಮೇಲೆ ನಾಲ್ಕು ಕಾಲಿನ ಸಪ್ಪಳ, ಎರಡು ಅವಸರದ್ದು ಎರಡು ತಡವರಿಸುವುದು, ತಡವರಿಸುವುದು ಎಪ್ಪತ್ನಾಲ್ಕು ವರ್ಷದ ಶರ್ಫುನ್ನೀಸಾ ಅಮ್ಮನದಲ್ಲ, ಮಗನದು, ಅಮ್ಮ ಅವನ ಮಣಿಕಟ್ಟು ಹಿಡಿದುಕೊಂಡು ಮುಂದೆ, ನಜೀರ ಹಿಂದೆ, ತಲೆ ಒಂದಿಷ್ಟು ಮೇಲೆತ್ತಿಕೊಂಡು, ಈಗೀಗ ಅವನು ಹಾಗೆಯೇ ನಡೆಯುವುದು, ಎದುರಿಗೆ ಯಾವುದೋ ಎತ್ತರದ ಗೋಡೆ ಇದ್ದು ಅದರಾಚೆ ನೋಡುವವನಂತೆ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪೊರೆಯನ್ನು ತಿಂದುಹಾಕಿದೆ, ಜೂನ್‌ನಿಂದ ಬರೀ ಬೆಳಕು ಕತ್ತಲೆ ಗೊತ್ತಾಗುತ್ತದೆ, ಕಿಟಕಿ ಎಲ್ಲಿದೆ ಹೇಳುತ್ತಾನೆ, ಕಿಟಕಿಯಲ್ಲಿ ಯಾರು ನಿಂತಿದ್ದಾರೆ ಹೇಳಲಾರ. ಏನ್ಲಾ ರಾಜು, ಇನ್ನೂ ಕುಂತಿದ್ದೀಯಾ, ಎಂದ, ದನಿಯಲ್ಲಿ ನಗು, ಆ ಹುಡ್ಗಿ ಫೋನ್ ಮಾಡಿತ್ತು, ಅಮ್ಮಿ ನಡಿಯೋದ್ನ ತೆಗೀತಾರಂತೆ. ಭಾನುಪ್ರಿಯ ಫೋನ್ ಮಾಡಿದ್ದಳೇ, ನನಗೆ ಹೇಳದೆ, ಒಳ್ಳೆಯ ಹುಡುಗಿ ಅಂದೆನಲ್ಲ. ತೆಗೀಬೇಕಾಗಿಲ್ಲ ಕಣೋ, ನೋಡ್ತಾ ಇವ್ನಿ, ಎಂದೆ. ಮೂರು ದಿನದಿಂದ ನೋಡ್ತಾ ಇದ್ದೀಯಂತೆ, ಎಂದ. ಅಮ್ಮ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತಳು, ಕಾಲು ಚಾಚಿ, ಸೆರಗಿನಿಂದ ಮುಖ ಒರೆಸಿಕೊಂಡು, ರಾಜು ಬೇಟಾ, ಊಟ ಮಾಡಿದ್ಯಾ, ಮುಖ ನೋಡು ಹೆಂಗಾಗೈತೆ — ಆ ಕೈಗಳು, ಬೆಂದ ಗೂಡಿನಿಂದ ಎಳೆ ಹುಡುಕುತ್ತ ಐವತ್ತು ವರ್ಷ ಕುದಿನೀರಿನಲ್ಲಿ ಆಡಿದ ಬೆರಳುಗಳು, ತುದಿಯಲ್ಲಿ ರೇಖೆಗಳೇ ಇಲ್ಲ, ಆಧಾರ್ ಮಾಡಿಸಲು ಹೋದಾಗ ಮಿಷಿನ್ನು ಒಪ್ಪದೆ ಮೂರು ಸಲ ಅಲೆದಳು ಎಂದು ನಜೀರ ಹೇಳಿದ್ದ. ಊಟ ಆಯ್ತಮ್ಮಾ ಎಂದು ಸುಳ್ಳು ಹೇಳಿದೆ, ಅವತ್ತಿನ ಮೊದಲನೆಯ ಸುಳ್ಳು.

ಸೌಂಡ್ ಕೊಡು, ಎಂದ ನಜೀರ. ಐದರದ್ದೂ ಕೊಡು. ಉದ್ಘಾಟನೆಗೆ ಮೊದಲನೆಯ ಪರದೆಯ ಸದ್ದು ಮಾತ್ರ ಇಟ್ಟು ಉಳಿದ ನಾಲ್ಕರದ್ದು ಮುಚ್ಚಿದ್ದೆ, ಗದ್ದಲ ಬೇಡವೆಂದು, ಮೂರು ದಿನ ನಾನು ಕಣ್ಣಿನಿಂದ ಮಾತ್ರ ಕೆಲಸ ಮಾಡಿದವನು, ತೆರೆದೆ, ಮೊದಲಿನಿಂದ ಬಿಟ್ಟೆ, ಶೆಡ್ಡಿನ ಸದ್ದು ಹಾಲಿನ ತುಂಬ ಎದ್ದಿತು, ರಾಟೆಗಳ ಕಿರ್ರ್ ಕಿರ್ರ್, ತೊಟ್ಟಿಯ ಗುಳುಗುಳು, ಹಿಂದೆಲ್ಲೋ ಮಸೀದಿಯ ಮೈಕು. ನಜೀರ ಪರದೆಗಳಿಗೆ ಬೆನ್ನು ಹಾಕಿ ಕೂತ, ಬೇಕೆಂದೇ ಕೂತನೋ ದಿಕ್ಕು ತಿಳಿಯದೆ ಕೂತನೋ, ತಿರುಗಿಸಲೇ ಎಂದುಕೊಂಡು ಸುಮ್ಮನಾದೆ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದ, ಒಂದು ಎರಡು ಮೂರು ನಿಮಿಷ, ನಾನು ಅಂಕಿ ನೋಡುತ್ತೇನೆ ಅವನು ತಾಳ ಹಾಕುತ್ತಾನೆ, ಕಿಟಕಿಯ ಹೊರಗೆ ರೈಲು ಹೋಯಿತು, ಅದು ಹೋಗುವವರೆಗೂ ಬೆರಳು ನಿಲ್ಲಿಸಿ ಕಾದ, ಮತ್ತೆ ಶುರು. ನಾಲ್ಕನೆಯದು ತಡ, ಎಂದ. ಅದು ನಂಗೂ ಗೊತ್ತು ಕಣೋ. ಒಸಿ ತಡಿ ಕಣ್ಲಾ, ಹೆಂಗೆ ತಡ ಅದು ಹೇಳ್ತೀನಿ, ಕಂಪ್ಯೂಟರ್ ತಪ್ಪಿದ್ರೆ ಹಿಂಗ್ ತಪ್ಪಲ್ಲ, ಒಂದ್ಸಲ ಬಿಟ್ಟು ಒಂದ್ಸಲ ಹಿಡೀತದೆ, ಎಗರಿ ಎಗರಿ ಬರ್ತದೆ, ಇದು ಎಗರ್ತಾ ಇಲ್ಲ, ಮೊದ್ಲಿಂದ ಕೊನೇವರ್ಗೂ ಒಂದೇ ಸಮ ಜಾರ್ಕಂಡ್ ಹೋಗ್ತೈತೆ, ನಿಮಿಷಕ್ಕೆ ಇಷ್ಟು ಅಂತ ಅಳತೆ ಮಾಡಿ ಇಟ್ಟಂಗೆ. ಬೆರಳು ನಿಂತಿತು. ಕಂಪ್ಯೂಟರ್ ಬುಡು ರಾಜು, ಎಂದ, ಫೈಲ್ ನೋಡು, ಕ್ಯಾಮೆರಾದಿಂದ ಬಂದ ಫೈಲು.

ಲ್ಯಾಪ್‌ಟಾಪಿನಲ್ಲಿ ಹಳೆಯ ಫೋಲ್ಡರು ತೆರೆದೆ, ಶೂಟಿಂಗ್ ಮಾಡಿದ ಡಿಸೆಂಬರಿನದು, ಐದು ಕ್ಯಾಮೆರಾ ಐದು ಫೈಲು, ಒಂದನೆಯದರ ವಿವರ ಒತ್ತಿದೆ, ಸೆಕೆಂಡಿಗೆ ಇಪ್ಪತ್ತೊಂಬತ್ತು ಪಾಯಿಂಟ್ ಒಂಬತ್ತು ಏಳು ಚಿತ್ರ, ಎರಡನೆಯದು ಅದೇ, ಮೂರನೆಯದು ಅದೇ, ಐದನೆಯದು ಅದೇ, ನಾಲ್ಕನೆಯದು ಮೂವತ್ತು. ಬರೀ ಮೂವತ್ತು. ಎಷ್ಟು ಸಣ್ಣ ವ್ಯತ್ಯಾಸ, ಸಾವಿರಕ್ಕೆ ಒಂದು, ಎಡಿಟಿಂಗಿನಲ್ಲಿ ಐದನ್ನೂ ಒಂದೇ ಎಂದುಕೊಂಡು ನಾನು ಒಂದೇ ವೇಗಕ್ಕೆ ಹಾಕಿದ್ದೆ, ನಾಲ್ಕನೆಯದು ಸೆಕೆಂಡಿಗೆ ಒಂದು ಕೂದಲೆಳೆಯಷ್ಟು ನಿಧಾನವಾಗಿ ಓಡಿತು, ಕೂದಲು ಕೂದಲು ಸೇರಿ ಏಳನೆಯ ನಿಮಿಷಕ್ಕೆ ಹನ್ನೆರಡು ಫ್ರೇಮು, ಹೆಚ್ಚುಕಡಿಮೆ ಅರ್ಧ ಸೆಕೆಂಡು, ಆ ಹನ್ನೆರಡು ಫ್ರೇಮಿನ ಸಂದಿಯಲ್ಲಿ ಮುದುಕಿಯೊಬ್ಬಳು ಬಿದ್ದುಹೋಗುತ್ತಿದ್ದಳು. ಕ್ಯಾಮೆರಾದ ಮೆನುವಿನಲ್ಲಿ ಎರಡೂ ಮೇಲೆ ಕೆಳಗೆ ಇರುತ್ತವೆ, ಸಾಸಿವೆಯಷ್ಟು ಅಕ್ಷರ, ಒಂದು ಸಾಲು ಹೆಚ್ಚು ಒತ್ತಿದರೆ ಇದು, ಬಿಟ್ಟರೆ ಅದು. ಏನೈತೆ, ಎಂದ ನಜೀರ. ನಂದೇ ತಪ್ಪು ಕಣೋ, ಎಡಿಟ್ ಮಾಡ್ತಾ ಎಲ್ಲೋ ಏನೋ ಒತ್ಬುಟ್ಟಿದ್ದೀನಿ, ಎಂದೆ, ಎರಡನೆಯ ಸುಳ್ಳು, ಇದನ್ನು ಹೇಳುವಾಗ ನನಗೆ ಆಯಾಸವೂ ಆಗಲಿಲ್ಲ. ಅಮ್ಮ ನಮ್ಮಿಬ್ಬರನ್ನೂ ನೋಡುತ್ತಿದ್ದಳು, ರಾಟೆಗಳು ಕಿರ್ರ್ ಎನ್ನುತ್ತಿದ್ದವು. ನಾಲ್ಕನೇದು ಮೂವತ್ತು ಅಂತ ಐತಾ, ಎಂದ. ಐತೆ, ಎಂದೆ. ಹ್ಞೂ, ಎಂದ, ನಾನೇ ಇಟ್ಟಿದ್ದು ಕಣ್ಲಾ ಅದು, ಆವತ್ತು ನಂಗೆ ಮೆನು ಕಾಣ್ತಾ ಇರ್ಲಿಲ್ಲ, ನಾಲ್ಕ್ ಸಲ ಕೆಳಕ್ಕೆ ಎರಡ್ ಸಲ ಬಲಕ್ಕೆ ಅಂತ ಲೆಕ್ಕ ಇಟ್ಕಂಡು ಒತ್ತಿದ್ದು, ಐದ್ ಕ್ಯಾಮೆರಾಕ್ಕೂ ಹಂಗೇ, ನಾಲ್ಕನೇದಕ್ಕೆ ನೀನು ಹಿಂದಿಂದ ಬಂದು ಟೀ ಬೇಕಾ ಅಂದೆ ನೋಡು, ಅವಾಗ ಲೆಕ್ಕ ತಪ್ತೇನೋ.

ಟೀ ಬೇಕಾ ಎಂದಿದ್ದೆ, ಹೌದು, ಲೋಟ ಕೊಟ್ಟಿದ್ದೆ, ಅವನು ಲೋಟದ ಪಕ್ಕ ಗಾಳಿಯಲ್ಲಿ ಕೈ ಚಾಚಿದ್ದ, ನಾನೇ ಲೋಟವನ್ನು ಸರಿಸಿ ಅವನ ಕೈಯೊಳಗೆ ಇಟ್ಟಿದ್ದೆ, ಇಟ್ಟು ಬೇರೆ ಕಡೆ ನೋಡಿದ್ದೆ. ನೋಡಿದ್ದೆ ಅಂದರೆ — ನೋಡಿ ನೋಡದವನಂತೆ ಮಾಡಿದ್ದೆ. ಅದಕ್ಕೂ ಹಿಂದೆ ಮಾಗಡಿಯ ಆ ಮದುವೆ, ಧಾರೆಯ ಹೊತ್ತಿನಲ್ಲಿ ಮದುಮಗಳ ಮುಖ ಮಸುಕು, ಹಿಂದಿನ ಬಾಳೆಕಂದು ಮಾತ್ರ ಎಲೆ ಎಲೆಯೂ ಕಾಣುವಷ್ಟು ಸ್ಪಷ್ಟ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಎರಡನೆಯ ಕ್ಯಾಮೆರಾದ ತುಂಡು ಹಾಕಿ ಮುಚ್ಚಿದೆ, ಅವನಿಗೆ ಹೇಳಲಿಲ್ಲ, ಅವನಿಗೆ ನೋವಾಗುತ್ತದೆ ಎಂದುಕೊಂಡೆ, ಸುಳ್ಳು, ನೋವಾಗುತ್ತದೆ ಎಂದಲ್ಲ, ಹೇಳಿದರೆ ಅವನು ನಿಲ್ಲಿಸಿಬಿಡುತ್ತಾನೆ ಎಂದು, ನಿಲ್ಲಿಸಿದರೆ ನಾನೇನು, ಅವನು ನೋಡಿಕೊಟ್ಟದ್ದನ್ನು ಕತ್ತರಿಸಿಕೊಂಡು ಬದುಕಿದವನು ನಾನು, ಸ್ವಂತ ಕಣ್ಣೆಂಬುದೇ ನನಗೆ ಇರಲಿಲ್ಲ. ಶೂಟಿಂಗ್ ಮುಗಿದು ಆರು ತಿಂಗಳಿಗೆ ಬೆಂಗಳೂರಿನ ಕಣ್ಣಿನ ಡಾಕ್ಟರ ಎದುರು ಅವನ ಪಕ್ಕದಲ್ಲಿ ನಾನೇ ಫೈಲು ಹಿಡಿದುಕೊಂಡು ಕೂತಿದ್ದೆ, ಡಾಕ್ಟರು ದೀಪ ಆರಿಸಿ, ಕನ್ನಡಕ ತೆಗೆದು, ಆರು ತಿಂಗಳ ಹಿಂದೆ ಬಂದಿದ್ರೆ ಉಳಿಸ್ಕೋಬಹುದಿತ್ತು, ಯಾರೂ ಗಮನಿಸಲಿಲ್ವಾ ಮನೇಲಿ, ಎಂದರು, ನಜೀರ ನಕ್ಕು, ಮನೇಲಿ ಯಾರವ್ರೆ ಸರ್, ಅಮ್ಮಿಗೆ ಅವಳ ಕಣ್ಣೇ ಕಾಣಲ್ಲ, ಎಂದ. ನಾನು ಫೈಲಿನ ದಾರ ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ. ಆರು ತಿಂಗಳ ಹಿಂದೆ ಎಂದರೆ ಡಿಸೆಂಬರ್, ಟೀ ಲೋಟ, ನಾಲ್ಕನೆಯ ಕ್ಯಾಮೆರಾ.

ಕುಂತ್ಕಂಡ್ ಏನ್ ಮಾಡ್ತಾ ಇದ್ದೀಯೋ, ಸರಿ ಮಾಡ್ಲಾ, ಎಂದ ನಜೀರ, ದನಿಯಲ್ಲಿ ಯಾವ ಬದಲಾವಣೆಯೂ ಇಲ್ಲ, ನಜೀರ, ಆವತ್ತು ನಂಗೆ ಗೊತ್ತಿತ್ತು ಕಣೋ, ಎಂದೆ, ಎಷ್ಟು ಮೆಲ್ಲಗೆ ಎಂದರೆ ರಾಟೆಗಳ ಸದ್ದಿನಲ್ಲಿ ಕರಗಿಹೋಗಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತ, ಅವನ ಕಿವಿಗೆ ಕರಗುತ್ತದೆಯೇ. ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು, ಎಂದ. ಲೋಟ ಕೈಗೆ ಇಟ್ಟೋನು ಯಾರ್ಲಾ ಮತ್ತೆ. ಅಷ್ಟೇ. ಬೈಯಲಿಲ್ಲ, ಕ್ಷಮಿಸಿದೆ ಎನ್ನಲಿಲ್ಲ, ಸಿಗರೇಟು ಬಿಟ್ಟು ಹತ್ತು ವರ್ಷವಾದವನು ಜೇಬು ತಡವಿಕೊಂಡು ಕೈ ಹಿಂದಕ್ಕೆ ತೆಗೆದ. ನಾನು ಕೆಲಸಕ್ಕೆ ಬಿದ್ದೆ, ಇನ್ನೇನು ಮಾಡಲಿ, ನಾಲ್ಕನೆಯ ಫೈಲನ್ನು ಅದರ ಸ್ವಂತ ವೇಗಕ್ಕೆ ತಂದು, ಕತ್ತರಿಸಿದ ಜಾಗದಲ್ಲೇ ಮತ್ತೆ ಕತ್ತರಿಸಿ, ಹೊಸದಾಗಿ ಫೈಲು ತೆಗೆಯಲು ಹಾಕಿದರೆ ಲ್ಯಾಪ್‌ಟಾಪು ಐವತ್ತು ನಿಮಿಷ ಎಂದಿತು, ಆ ಐವತ್ತು ನಿಮಿಷ ಅಮ್ಮ ಚೀಲದಿಂದ ಡಬ್ಬಿ ತೆಗೆದು ಅನ್ನ ಸಾರು ಕಲಸಿ ಮಗನ ಮುಂದಿಟ್ಟಳು, ಇನ್ನೊಂದು ಮುಚ್ಚಳಕ್ಕೆ ಹಾಕಿ ನನ್ನ ಮುಂದೆ, ಊಟ ಆಯ್ತು ಅಂದ್ಯಲ್ಲ, ಸುಳ್ಳು ಹೇಳ್ಬಾರ್ದು ಬೇಟಾ, ತಿನ್ನು, ತಿಂದೆ. ಎರಡು ಗಂಟೆಗೆ ಭಾನುಪ್ರಿಯ ಬಂದು ಬಾಗಿಲಲ್ಲಿ ನಿಂತಳು, ಸರ್ ಎಂದು ಶುರು ಮಾಡಿ ನಾವು ಮೂವರೂ ಎಂಜಲು ಕೈಯಲ್ಲಿ ಕೂತಿರುವುದನ್ನು ನೋಡಿ ವಾಪಸ್ಸು ಹೋದಳು. ಎರಡೂ ಹತ್ತಕ್ಕೆ ಫೈಲು ಸಿದ್ಧ, ನಾಲ್ಕನೆಯ ಕಂಪ್ಯೂಟರಿಗೆ ಕಳಿಸಿ ಎಲ್ಲವನ್ನೂ ಒಮ್ಮೆ ಆರಿಸಿ ಹಚ್ಚಿದೆ, ಮೇಸ್ತ್ರಿ ಕೂಗಿತು, ಉಳಿದವು ಓಗೊಟ್ಟವು, ನಜೀರನ ಬೆರಳು ತೊಡೆಯ ಮೇಲೆ, ಒಂದು ನಿಮಿಷ, ಮೂರು, ಐದು, ಏಳನೆಯ ನಿಮಿಷದಲ್ಲಿ ಅಮ್ಮ ಮೊದಲನೆಯ ಪರದೆಗೆ ಬಂದಳು, ಸೊಂಟದ ಮೇಲೆ ಬುಟ್ಟಿ, ಎರಡು, ಮೂರು, ಬಲಗಾಲು ಎತ್ತಿದಳು, ಮೂರರಲ್ಲಿ ಎತ್ತಿದ ಕಾಲನ್ನು ನಾಲ್ಕರಲ್ಲಿ ಊರಿದಳು, ಎಲ್ಲೂ ಬೀಳಲಿಲ್ಲ, ಎಲ್ಲೂ ಇಬ್ಬರಾಗಲಿಲ್ಲ, ನಡೆದೇ ಹೋದಳು. ಸರಿ ಹೋಯ್ತು, ಎಂದ ನಜೀರ, ನಾನು ಹೇಳುವ ಮೊದಲೇ. ಮತ್ತೆ ಬಾಗಿಲಿಗೆ ಬಂದಿದ್ದ ಭಾನುಪ್ರಿಯ ಚಪ್ಪಾಳೆ ತಟ್ಟಿದಳು, ಅಯ್ಯೋ ಸರ್ ಎಂದು ಏನೇನೋ ಹೇಳಿದಳು, ನನಗೆ ಸಂತೋಷವಾಗಬೇಕಿತ್ತು, ನಿದ್ದೆ ಬಂತು, ಗೋಡೆಗೊರಗಿದರೆ ಹಾಗೇ ಹೋಗಿಬಿಡುತ್ತೇನೆ ಅನ್ನಿಸಿತು.

ಅಮ್ಮ ಎದ್ದಿದ್ದಾಳೆ. ನೆಲದಿಂದ ಎದ್ದು, ಮಂಡಿ ಹಿಡಿದುಕೊಂಡು, ಐದನೆಯ ಪರದೆಯ ಹತ್ತಿರಕ್ಕೆ ಹೋಗಿ ನಿಂತಿದ್ದಾಳೆ, ಮೂಗು ತಾಗುವಷ್ಟು ಹತ್ತಿರ, ತನ್ನ ನಡಿಗೆ ಮುಗಿದ ಮೇಲೂ ಅಲ್ಲೇ, ಅಮ್ಮಾ, ಚೆನ್ನಾಗ್ ಬಂತಾ, ಎಂದೆ, ಆಟ ಮುಗಿದು ಮತ್ತೆ ಶುರುವಾಯಿತು, ಅವಳು ಕದಲಲಿಲ್ಲ, ಎಂಟು ನಿಮಿಷ ಅಲ್ಲೇ, ಪರದೆಯ ಮೇಲಿನ ತಾನು ಮತ್ತೆ ನಡೆದು ಬಂದರೂ ಆ ಕಡೆ ತಿರುಗಿಯೂ ನೋಡಲಿಲ್ಲ, ಪರದೆಯ ಬಲತುದಿಯನ್ನೇ, ಶೆಡ್ಡಿನ ಬಾಗಿಲಿನ ಹತ್ತಿರದ ಕತ್ತಲೆಯನ್ನೇ ನೋಡುತ್ತಿದ್ದಾಳೆ, ಹೋಗಿ ಪಕ್ಕದಲ್ಲಿ ನಿಂತೆ, ಬೆರಳು ತೋರಿಸಿದಳು. ಕಂಬದ ಮರೆಯಿಂದ ಒಂದು ಕೈ. ಬರೀ ಕೈ, ಮಣಿಕಟ್ಟಿನವರೆಗೆ, ಗೋಡೆಯ ಮೇಲೆ. ನಜೀರ ಆವತ್ತು ಆ ಕಂಬದ ಹಿಂದೆ ನಿಂತಿದ್ದ, ಯಾವ ಕ್ಯಾಮೆರಾಕ್ಕೂ ಕಾಣದ ಹಾಗೆ ನಿಂತಿದ್ದೇನೆ ಎಂದುಕೊಂಡು, ಅಮ್ಮ ಕಡೆಯ ತುದಿಗೆ ಬಂದ ಮೇಲೆ ಹೊರಗೆ ಹೋಗಲು ದಾರಿ ಹುಡುಕಿದ್ದಾನೆ, ಚಿಕ್ಕಂದಿನಲ್ಲಿ ತೊಟ್ಟಿಯ ನೀರಿಗೆ ಬಿದ್ದು ಸುಟ್ಟು ಬಾಗಿದ ಆ ಕಿರುಬೆರಳು, ತಾಯಿಗೆ ತಪ್ಪುತ್ತದೆಯೇ, ನನಗೆ ತಪ್ಪಿತ್ತು, ಎಡಿಟಿಂಗಿನಲ್ಲಿ ಐದು ಚಿತ್ರ ಒಂದೇ ಪರದೆಯಲ್ಲಿ, ಆ ಕೈ ಅಕ್ಕಿಕಾಳಿನಷ್ಟು, ಇಲ್ಲಿ ಮೂರು ದಿನ ನನ್ನ ಕಣ್ಣೆಲ್ಲ ಮೂರನೆಯ ಪರದೆಯ ಅಂಚಿನಲ್ಲಿ, ಈ ದೊಡ್ಡ ಪರದೆಯಲ್ಲಿ ಆ ಕೈ ನಿಜವಾದ ಕೈಯಷ್ಟೇ ಇದೆ. ಅಂಗೈ ಗೋಡೆಗೆ, ಬೆರಳು ಮುಂದೆ, ಹುಡುಕುತ್ತ. ತೆಗೀಲಾ ಅಮ್ಮಾ, ಎಂದೆ, ಅವಳ ಕಿವಿಯ ಹತ್ತಿರ, ನಿಮಿಷದ ಕೆಲ್ಸ, ಯಾರಿಗೂ ಕಾಣಲ್ಲ. ಬ್ಯಾಡ, ಎಂದಳು, ಇರ್ಲಿ ಬೇಟಾ, ಅವನ್ ಜೊತೆ ಒಂದೇ ಮನೇಲಿದ್ದೋಳು ನಾನು, ನಾನೇ ನೋಡ್ಲಿಲ್ಲ, ಈಗ್ಲಾದ್ರೂ ನೋಡ್ತೀನಿ. ಹಿಂದಿನಿಂದ ನಜೀರ, ಅಮ್ಮಿ ಏನ್ ನೋಡ್ತಾ ಅವಳೆ ರಾಜು, ಅವಳು ತಿರುಗದೆಯೇ, ಏನಿಲ್ಲಪ್ಪ, ನಾನೆಂಗ್ ನಡೀತೀನಿ ಅಂತ, ಎಂದಳು. ಅಲ್ಲೇ ನಿಂತು ನಿಂತು ಹೊತ್ತು ಹೋದದ್ದೇ ತಿಳಿಯಲಿಲ್ಲ, ಮೆಟ್ಟಿಲ ಮೇಲೆ ಜನ, ಗಂಧ, ಚೆಂಡುಹೂವು, ನಾಲ್ಕು ಗಂಟೆ, ಯಾರೋ ಕತ್ತರಿ ಎಲ್ಲಿ ಎನ್ನುತ್ತಾರೆ, ಭಾನುಪ್ರಿಯ ನನ್ನ ಹೆಸರು ಕೂಗುತ್ತಾಳೆ, ಹೋಗಬೇಕು, ಹೋಗುತ್ತೇನೆ, ಇದೊಂದು ಸಲ, ಕೈ ಬಂತು, ಗೋಡೆಯ ಮೇಲೆ ಅಂಗೈ, ಬೆರಳು ಒಂದು ಮೊಳೆಯನ್ನು ಮುಟ್ಟಿ ನಿಂತಿತು, ಮೊಳೆ ಎಂದು ತಿಳಿದುಕೊಂಡಿತು, ದಾಟಿತು, ಸ್ವಿಚ್ಚಿನ ಹಲಗೆ, ದಾಟಿತು, ಬಾಗಿಲಿನ ಚೌಕಟ್ಟು ಇನ್ನೂ ಒಂದು ಗೇಣು ಮುಂದಿದೆ, ಬೆರಳಿಗೆ ಗೊತ್ತಿಲ್ಲ, ಗಾಳಿಯಲ್ಲಿ ಒಮ್ಮೆ ತೆರೆದು ಮುಚ್ಚಿತು, ಮತ್ತೆ ಗೋಡೆಗೆ ಬಂತು, ಒಂದು ಗೇಣು, ಬಲಕ್ಕೆ ನಜೀರ, ಒಂದೇ ಒಂದು ಗೇಣು ಬಲಕ್ಕೆ, ಅಂಗೈ ಗೋಡೆಯ ಮೇಲೆ, ಬಾಗಿದ ಕಿರುಬೆರಳು, ಕೈ, ಗೋಡೆ, ಕೈ —